‘ನಾನೇನು ಕಳ್ಳನಾ, ನೋಡಲಿ ಬಿಡಿ’ ಎನ್ನುವವರ ಜೊತೆ ಮಾತಾಡುವುದು ಹೇಗೆ

ಕೊಡಗಿನಲ್ಲಿ ಈ ಮಾತು ಕಿವಿಗೆ ಬೀಳದ ವಾರವಿಲ್ಲ. ಕರಿಮೆಣಸು ತೂಕಕ್ಕೆ ಹಾಕಿ ಕಾಯುವಾಗ, ಮದುವೆ ಮನೆಯಲ್ಲಿ ಊಟದ ಪಂಕ್ತಿ ಖಾಲಿಯಾಗಲೆಂದು ನಿಂತಿರುವಾಗ, ಮಡಿಕೇರಿ ಬಸ್ಸಿನಲ್ಲಿ. ಪೇಪರಿನಲ್ಲಿ ಫೋನ್ ಕದ್ದಾಲಿಕೆಯ ಸುದ್ದಿ ಬಂದಿರುತ್ತದೆ, ಇಲ್ಲವೇ ಊರ ಸರ್ಕಲ್ಲಿಗೆ ಹೊಸ ಕ್ಯಾಮೆರಾ ಬಂದಿರುತ್ತದೆ. ಯಾರೋ ಒಬ್ಬರು ‘ಸರ್ಕಾರ ನೋಡಿದ್ರೆ ನೋಡಲಿ, ನಾನೇನು ಕಳ್ಳನಾ?’ ಎನ್ನುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಮೂಲೆಯಿಂದ ಒಬ್ಬ ಹುಡುಗಿ ‘ಆದ್ರೂ ಅದು ಸರಿಯಲ್ಲ’ ಅಂದರೆ, ‘ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ತೀಯ?’ ಎಂಬ ಗಾದೆ ಬೀಳುತ್ತದೆ. ಎಲ್ಲರೂ ನಗುತ್ತಾರೆ. ಮಾತು ಅಲ್ಲಿಗೆ ಮುಗಿಯಿತು.

ಇದನ್ನು ಆ ಹುಡುಗಿಗಾಗಿ ಬರೆಯುತ್ತಿದ್ದೇನೆ. ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ಈಗ ನಾಪೋಕ್ಲು ಕಡೆ ಒಂದಿಷ್ಟು ಕಾಫಿ, ಎರಡು ಕೋಣೆಯ ಹೋಂಸ್ಟೇ ನೋಡಿಕೊಂಡಿದ್ದೇನೆ. ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಚಟ ಮಾತ್ರ ಬಿಟ್ಟಿಲ್ಲ. ಸ್ಪರ್ಧೆಯ ವಾದ ಸುಲಭ, ಗಂಟೆ ಹೊಡೆದ ಮೇಲೆ ಎದುರಾಳಿಯ ಮುಖ ನೋಡಬೇಕಾಗಿಲ್ಲ. ಪಂಕ್ತಿಯಲ್ಲಿ ಪಕ್ಕ ಕೂತ ಚಿಕ್ಕಪ್ಪನ ಹತ್ತಿರ ಗೆದ್ದರೂ ಸೋತರೂ ನಾಳೆ ಅವರ ಜೀಪಿನಲ್ಲೇ ಪೇಟೆಗೆ ಹೋಗಬೇಕು. ಆದ್ದರಿಂದ ಗೊತ್ತಿರುವ ವಾದವನ್ನೆಲ್ಲ ಸುರಿಯಲು ಹೋಗಬೇಡಿ. ಎದುರಿನವರು ಈಗಾಗಲೇ ಒಪ್ಪಿ ಬದುಕುತ್ತಿರುವ ಸಂಗತಿಯೊಂದನ್ನು ಹುಡುಕಿ, ಅಲ್ಲಿಂದ ಶುರು ಮಾಡಿ. ಖಾಸಗಿತನದ ಪರವಾಗಿ ತತ್ತ್ವಜ್ಞಾನಿಗಳು ಕಟ್ಟಿರುವ ವಾದಗಳೆಲ್ಲ ನಮ್ಮ ಜನ ಆಚರಿಸುತ್ತಲೇ ಇರುವ ಯಾವುದೋ ಒಂದು ರೂಢಿಯಲ್ಲಿ ಆಗಲೇ ಇವೆ.

ಎರಡು ತಂತ್ರಗಳನ್ನು ಮೊದಲೇ ಬದಿಗಿಡಿ. ‘ಹಾಗಾದ್ರೆ ನಿಮ್ಮ ಫೋನಿನ ಪಾಸ್‌ವರ್ಡ್ ಕೊಡಿ ನೋಡೋಣ’ ಎನ್ನುವುದು ಒಂದು. ‘ನಿನಗ್ಯಾಕೆ ಕೊಡಲಿ, ನೀನೇನು ಸರ್ಕಾರವಾ?’ ಎಂದು ಅವರು ಕೇಳುತ್ತಾರೆ, ಕೇಳುವುದು ನ್ಯಾಯವೇ. ಪಕ್ಕದ ಮನೆಯವರ ಕುತೂಹಲ ಬೇರೆ, ಕಾನೂನಿನ ಬಲ ಇರುವವರ ಕಣ್ಣು ಬೇರೆ. ಇನ್ನೊಂದು, ಚೀನಾದಲ್ಲಿ ಹಾಗಂತೆ ಹೀಗಂತೆ ಎಂದು ಶುರು ಮಾಡುವುದು. ‘ನಮ್ಮದು ಚೀನಾ ಅಲ್ಲವಲ್ಲ’ ಎಂಬ ಒಂದೇ ಮಾತಿಗೆ ನಿಮ್ಮ ಬಾಯಿ ಕಟ್ಟುತ್ತದೆ.

ಮೊದಲು ಮತಗಟ್ಟೆಗೆ ಕರೆದುಕೊಂಡು ಹೋಗಿ

ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ‘ಓಟು ಹಾಕುವಾಗ ರಟ್ಟಿನ ಮರೆ ಇಡ್ತಾರಲ್ಲ, ಅದನ್ನು ತೆಗೆದುಬಿಡೋಣವಾ?’ ಎಂದು ಕೇಳಿ. ‘ನಾನು ಯಾರಿಗೆ ಹಾಕಿದ್ದು ಅಂತ ಊರಿಗೇ ಗೊತ್ತು’ ಎನ್ನುವವರೂ ಮರೆ ತೆಗೆಯೋಣ ಎನ್ನುವುದಿಲ್ಲ. ಮರೆಯ ಹಿಂದೆ ಹೋಗುವ ಮತದಾರರಲ್ಲಿ ಯಾರೂ ಕಳ್ಳರಲ್ಲ. ಆದರೂ 1951ರ ಜನಪ್ರತಿನಿಧಿ ಕಾಯ್ದೆ, ಯಾರಿಗೆ ಮತ ಹಾಕಿದೆ ಎಂದು ಬಾಯಿಬಿಡುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎನ್ನುತ್ತದೆ, ಗೋಪ್ಯ ಬಯಲು ಮಾಡುವ ಮತಗಟ್ಟೆ ಸಿಬ್ಬಂದಿಗೆ ಶಿಕ್ಷೆ ಇದೆ ಎನ್ನುತ್ತದೆ. ಅಂದರೆ ತಪ್ಪು ಮಾಡದವರಿಗೂ ಮರೆ ಬೇಕು ಎಂಬುದನ್ನು ಈ ದೇಶ ಮೊದಲ ಚುನಾವಣೆಯಲ್ಲೇ ಒಪ್ಪಿದೆ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗಲೇ ನಮ್ಮ ಹಿರಿಯರು ಆ ಮರೆಯ ಹಿಂದೆ ಹೋಗಿ ಬಂದಿದ್ದಾರೆ.

ಇಲ್ಲಿ ಅವಸರ ಮಾಡಬೇಡಿ. ಮತಗಟ್ಟೆಯಲ್ಲಿ ಇನ್ನೂ ಎರಡು ಪಾಠಗಳಿವೆ.

ಒಂದು, ಬೆರಳಿನ ಶಾಯಿ. ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯಲ್ಲಿ ತಯಾರಾಗುವ ಆ ಶಾಯಿಯನ್ನು 1962ರ ಚುನಾವಣೆಯಿಂದ ಬಳಸುತ್ತಿದ್ದಾರೆ. ನೀವು ಓಟು ಹಾಕಿದಿರಿ ಎಂಬುದನ್ನು ಅದು ಹೇಳುತ್ತದೆ, ಯಾರಿಗೆ ಎಂಬುದನ್ನು ಹೇಳುವುದಿಲ್ಲ. ಕಳ್ಳ ಓಟು ತಡೆಯಲು ಸರ್ಕಾರಕ್ಕೆ ಬೇಕಾದದ್ದು ಮೊದಲನೆಯದು ಮಾತ್ರ, ಆದ್ದರಿಂದ ಅಷ್ಟನ್ನೇ ತೆಗೆದುಕೊಳ್ಳುತ್ತದೆ. ‘ಸರ್ಕಾರಕ್ಕೆ ಏನೂ ಗೊತ್ತಾಗಬಾರದು ಅಂತೀಯಾ?’ ಎಂದು ಯಾರಾದರೂ ರೇಗಿದರೆ ನಿಮ್ಮ ಎಡಗೈಯ ತೋರುಬೆರಳು ಎತ್ತಿ ತೋರಿಸಿ. ಇಷ್ಟು ಗೊತ್ತಾಗಲಿ ಎನ್ನಿ. ಯಾವ ಕೆಲಸಕ್ಕೆ ಎಷ್ಟು ಮಾಹಿತಿ ಬೇಕೋ ಅಷ್ಟೇ, ಅದಕ್ಕಿಂತ ಒಂದು ಸಾಲೂ ಹೆಚ್ಚಿಲ್ಲ ಎಂಬ ತತ್ತ್ವಕ್ಕೆ ಕೋರ್ಟು ಕಚೇರಿಯ ಭಾಷೆಯಲ್ಲಿ ದೊಡ್ಡ ಹೆಸರುಗಳಿವೆ. ಪಂಕ್ತಿಯಲ್ಲಿ ಕೂತಾಗ ಬೆರಳು ಸಾಕು.

ಎರಡನೆಯದು ಹೆಚ್ಚು ಆಳದ್ದು. ಮತಯಂತ್ರದ ಪಕ್ಕದ ಪೆಟ್ಟಿಗೆಯಲ್ಲಿ ನಿಮ್ಮ ಚೀಟಿ 7 ಸೆಕೆಂಡು ಕಾಣಿಸಿ ಒಳಗೆ ಬೀಳುತ್ತದೆ. ಅದನ್ನು ಯಾಕೆ ಕೈಗೆ ಕೊಡುವುದಿಲ್ಲ? ಕೊಟ್ಟರೆ ನೀವು ಹೊರಗೆ ತೋರಿಸಬಹುದು. ನೀವು ತೋರಿಸಬಹುದಾದರೆ ಬೇರೆಯವರು ‘ತೋರಿಸು’ ಎನ್ನಬಹುದು. ತೋಟದ ಮಾಲೀಕರು ಲೈನ್ ಮನೆಗಳಲ್ಲಿರುವ ತಮ್ಮ ಕೂಲಿಯವರಿಗೆ ಚೀಟಿ ತಂದು ತೋರಿಸಿ ಎಂದರೆ, ತೋರಿಸದೆ ಬಂದವನ ಗತಿ ಏನಾದೀತು ಎಂದು ನಾಪೋಕ್ಲು, ಸಿದ್ದಾಪುರ, ಪಾಲಿಬೆಟ್ಟದವರಿಗೆ ನಾನು ವಿವರಿಸಬೇಕಾಗಿಲ್ಲ. ಮತದ ಗೋಪ್ಯ ನನ್ನೊಬ್ಬಳ ಹಕ್ಕಾಗಿದ್ದರೆ ಬೇಡವೆಂದು ಬಿಟ್ಟುಕೊಡಬಹುದಿತ್ತು. ಅದು ಎಲ್ಲರದೂ ಆಗಿರುವುದರಿಂದ ನನಗೆ ಬೇಡದಿದ್ದರೂ ಇರಲೇಬೇಕು. ‘ನನ್ನದೇನಿದೆಯೋ ನೋಡಲಿ, ನನಗೆ ಅಭ್ಯಂತರ ಇಲ್ಲ’ ಎನ್ನುವವರಿಗೆ ನನ್ನ ಉತ್ತರ ಇದೇ: ನಿಮಗೆ ಅಭ್ಯಂತರ ಇಲ್ಲ, ಸರಿ. ಎಲ್ಲರೂ ಬಾಗಿಲು ತೆರೆದಿಟ್ಟ ಬೀದಿಯಲ್ಲಿ ಒಬ್ಬಳು ಬಾಗಿಲು ಹಾಕಿಕೊಂಡರೆ ಅವಳ ಮೇಲೆಯೇ ಅನುಮಾನ ಬರುತ್ತದೆ. ನಿಮ್ಮ ಒಪ್ಪಿಗೆಯ ಪೆಟ್ಟು ಬೀಳುವುದು ಅವಳಿಗೆ.

ಮಾಜಿ ಸೈನಿಕರ ಜೊತೆ

ನಮ್ಮ ಜಿಲ್ಲೆಯಲ್ಲಿ ಯಾವ ಕೂಟಕ್ಕೆ ಹೋದರೂ ಒಬ್ಬರಾದರೂ ಸುಬೇದಾರರೋ ಕರ್ನಲ್ಲರೋ ಇರುತ್ತಾರೆ. ‘ದೇಶದ ಭದ್ರತೆ ಅಂದ ಮೇಲೆ ಪ್ರಶ್ನೆ ಕೇಳಬಾರದು’ ಎಂಬುದು ಅವರ ಮಾತು. ಹೆಚ್ಚಿನವರು ಇಲ್ಲಿ ಸೋಲೊಪ್ಪಿಕೊಳ್ಳುತ್ತಾರೆ. ನನಗೆ ಮಾತ್ರ ಇವರ ಜೊತೆ ಮಾತಾಡುವುದೇ ಇಷ್ಟ, ಯಾಕೆಂದರೆ ಮಾಹಿತಿ ಅಂದರೆ ಬಲ ಎಂಬುದು ಇವರಷ್ಟು ಯಾರಿಗೂ ಗೊತ್ತಿಲ್ಲ.

ಅವರ ಹೆಂಡತಿ ಮಕ್ಕಳು ಪತ್ರ ಬರೆಯುತ್ತಿದ್ದ ವಿಳಾಸವನ್ನು ನೆನಪಿಸಿ. ಊರ ಹೆಸರಿಲ್ಲ, ಬೆಟ್ಟದ ಹೆಸರಿಲ್ಲ, ಘಟಕದ ಹೆಸರಿನ ಕೆಳಗೆ 56 ಎಪಿಓ ಅಥವಾ 99 ಎಪಿಓ ಎಂಬ ಸೈನ್ಯದ ಅಂಚೆ ಕಚೇರಿಯ ಸಂಖ್ಯೆ ಮಾತ್ರ. ಗಂಡ ಎಲ್ಲಿದ್ದಾನೆ ಎಂದು ಹೆಂಡತಿಗೂ ಗೊತ್ತಾಗದ ಹಾಗೆ. ಪಕ್ಕದ ಟೆಂಟಿನವನು ಜೀವದ ಗೆಳೆಯನಾದರೂ ಅವನ ಕೆಲಸಕ್ಕೆ ಬೇಡದ ವಿಷಯ ಅವನಿಗೆ ಹೇಳುವಂತಿಲ್ಲ. ಗೆಳೆಯನ ಮೇಲೆ ಅನುಮಾನವಿದ್ದು ಹೀಗೆ ಮಾಡುತ್ತಿದ್ದರೇ? ಇಲ್ಲ. ಬೇಡದ ಕಡೆ ಬಿದ್ದಿರುವ ಮಾಹಿತಿ ಒಂದಲ್ಲ ಒಂದು ದಿನ ತಪ್ಪು ಕೈಗೆ ಸಿಗುತ್ತದೆ ಎಂಬ ತಿಳಿವಳಿಕೆ ಅದು. ಸೈನ್ಯಕ್ಕೆ ಸಲ್ಲುವ ಈ ವಿವೇಕ ಸಂಸಾರಸ್ಥರಿಗೆ ಯಾಕೆ ಸಲ್ಲಬಾರದು ಎಂದು ಕೇಳಿ.

ಕೊಡವರ ಮನೆಯಾದರೆ ಕೋವಿಯ ಮಾತನ್ನೂ ಎತ್ತಬಹುದು. ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗಿಡುವ ಕೋವಿಗೆ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. (ಎಲ್ಲರಿಗೂ ಇಲ್ಲದ ವಿನಾಯಿತಿ ಇವರಿಗೇಕೆ ಎಂಬ ತಕರಾರು ಹೈಕೋರ್ಟಿನವರೆಗೂ ಹೋಗಿದೆ. ಅದು ಬೇರೆ ಜಗಳ.) ಕೋವಿಯ ವಿಷಯದಲ್ಲಿ ಸರ್ಕಾರ ಮೊದಲು ನಂಬಿ, ಕೆಟ್ಟದ್ದು ನಡೆದರೆ ಆಮೇಲೆ ಕೇಳುತ್ತದೆ. ಇದನ್ನು ಮನೆತನದ ಗೌರವ ಎಂದುಕೊಳ್ಳುವವರು, ಮಾತುಕತೆಯ ವಿಷಯದಲ್ಲಿ ಮಾತ್ರ ಮೊದಲು ಅನುಮಾನಿಸಿ ಕೇಳಿಸಿಕೊಳ್ಳಲಿ ಎನ್ನುವುದು ವಿಚಿತ್ರ ಅಲ್ಲವೇ?

ಆಮೇಲೆ ಅಪ್ಪಣೆಯ ಪ್ರಶ್ನೆಗೆ ಬನ್ನಿ. ಸೈನಿಕರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಯಾರ ಅಪ್ಪಣೆ, ಎಷ್ಟು ದಿನಕ್ಕೆ, ಆಮೇಲೆ ಯಾರಿಗೆ ವರದಿ? ಫೋನ್ ಕದ್ದಾಲಿಕೆ ನಮ್ಮಲ್ಲಿ 2024ರವರೆಗೆ 1885ರ ಟೆಲಿಗ್ರಾಫ್ ಕಾಯ್ದೆಯ ಒಂದು ಉಪಕಲಮಿನ ಮೇಲೆ ನಡೆದುಬಂದದ್ದು. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1996ರಲ್ಲಿ ಕಡಿವಾಣ ಹಾಕಿತು: ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆದೇಶಕ್ಕೆ ಎರಡು ತಿಂಗಳ ಆಯಸ್ಸು, ಮುಂದುವರಿಸಿದರೂ ಆರು ತಿಂಗಳು ಮೀರಬಾರದು, ಪರಿಶೀಲನಾ ಸಮಿತಿಯೊಂದು ನೋಡಬೇಕು. ಆ ಸಮಿತಿಯಲ್ಲಿ ಇರುವವರೂ ಕಾರ್ಯದರ್ಶಿಗಳೇ. ಕೇಳಿಸಿಕೊಳ್ಳುವವರು, ಅನುಮತಿ ಕೊಡುವವರು, ಅನುಮತಿ ಸರಿಯಿತ್ತೇ ಎಂದು ನೋಡುವವರು ಎಲ್ಲ ಒಂದೇ ಮನೆಯವರು. ನಡುವೆ ಎಲ್ಲೂ ನ್ಯಾಯಾಧೀಶರಿಲ್ಲ. ಕೇಳಿಸಿಕೊಂಡ ವಿಷಯ ನಿಮಗೆ ಎಂದೂ ತಿಳಿಸುವುದಿಲ್ಲವಾದ್ದರಿಂದ ನೀವು ದೂರು ಕೊಡುವ ಪ್ರಶ್ನೆಯೂ ಹುಟ್ಟುವುದಿಲ್ಲ. ಬೇಲಿಯೇ ಹೊಲ ಮೇಯ್ದರೆ ಎಂಬ ಭಯ ಕವಿಕಲ್ಪನೆ ಏನಲ್ಲ. 1988ರಲ್ಲಿ ಇದೇ ಕದ್ದಾಲಿಕೆಯ ಆರೋಪದ ಮೇಲೆ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಆಗ ಎದ್ದ ಗಲಾಟೆ ಭಯೋತ್ಪಾದಕರ ಫೋನಿನದ್ದಲ್ಲ, ರಾಜಕಾರಣಿಗಳ ಫೋನಿನದ್ದು. ಅರವತ್ತು ದಾಟಿದವರಿಗೆಲ್ಲ ಇದು ನೆನಪಿದೆ, ನೀವು ಹೆಸರು ಹೇಳಿದರೆ ಸಾಕು, ಉಳಿದ ಕಥೆ ಅವರೇ ಹೇಳುತ್ತಾರೆ. ಹೇಳಲು ಬಿಡಿ.

ಫೋನಿನೊಳಗೆ ನುಗ್ಗಿ ಬೇಹು ನಡೆಸುವ ಪೆಗಾಸಸ್ ಎಂಬ ತಂತ್ರಾಂಶದ ಗದ್ದಲವಾದಾಗ, 2021ರಲ್ಲಿ, ಭದ್ರತೆ ಎಂಬ ಒಂದು ಶಬ್ದ ಹೇಳಿಬಿಟ್ಟರೆ ಸರ್ಕಾರಕ್ಕೆ ಎಲ್ಲಕ್ಕೂ ರಹದಾರಿ ಸಿಕ್ಕಂತಲ್ಲ ಎಂಬರ್ಥದ ಮಾತನ್ನು ಸುಪ್ರೀಂ ಕೋರ್ಟೇ ಹೇಳಿದೆ. ಹಾಗೆ ಹೇಳಿ, ಕರ್ನಾಟಕದವರೇ ಆದ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತನಿಖೆಗೆ ಕೊಟ್ಟಿತು. ಪರೀಕ್ಷಿಸಿದ 29 ಫೋನುಗಳಲ್ಲಿ 5ರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಇಷ್ಟನ್ನೇ ಹೇಳಿ. ಸಾಬೀತಾಗದ್ದನ್ನು ಸಾಬೀತಾಯಿತು ಎಂದು ಹೇಳಿದರೆ ಕರ್ನಲ್ಲರು ಅಲ್ಲೇ ಹಿಡಿಯುತ್ತಾರೆ.

‘ಈಗಿನ ಸರ್ಕಾರ ಒಳ್ಳೆಯದಿದೆಯಲ್ಲ’

ಯಾವ ಪಕ್ಷದ ಅಭಿಮಾನಿಯಾದರೂ ತಮ್ಮವರು ಅಧಿಕಾರದಲ್ಲಿರುವಾಗ ಹೀಗೇ ಹೇಳುತ್ತಾರೆ. ನೆದರ್ಲೆಂಡ್ಸಿನ ಕಥೆ ಹೇಳಿ. ಅಲ್ಲಿಯ ಅಧಿಕಾರಿಗಳು 1936ರ ನಂತರ ಜನಸಂಖ್ಯೆಯ ನೋಂದಣಿಯನ್ನು ತುಂಬ ಅಚ್ಚುಕಟ್ಟಾಗಿ ಇಟ್ಟಿದ್ದರು, ಪ್ರತಿಯೊಬ್ಬರ ಕಾರ್ಡಿನಲ್ಲಿ ಧರ್ಮವೂ ಇತ್ತು. ಯಾರಿಗೂ ಕೆಟ್ಟದ್ದು ಮಾಡುವ ಉದ್ದೇಶ ಇರಲಿಲ್ಲ. 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಬಂದು ಕೂತಿತು, ಕಾರ್ಡುಗಳು ಸಿದ್ಧವಾಗಿಯೇ ಇದ್ದವು. ಅಲ್ಲಿದ್ದ ಯಹೂದಿಗಳಲ್ಲಿ ನಾಲ್ವರಲ್ಲಿ ಮೂವರು ಉಳಿಯಲಿಲ್ಲ. 1943ರ ಮಾರ್ಚಿನಲ್ಲಿ ಪ್ರತಿರೋಧದವರು ಆಮ್‌ಸ್ಟರ್‌ಡಾಮಿನ ನೋಂದಣಿ ಕಚೇರಿಗೇ ಬೆಂಕಿಯಿಟ್ಟರು. ಕಾಗದ ಸುಡುವುದಕ್ಕೆ ಪ್ರಾಣ ಪಣಕ್ಕಿಟ್ಟವರು ಅವರು. ನಮ್ಮ ಸರ್ಕಾರವನ್ನು ನಾಜಿಗಳಿಗೆ ಹೋಲಿಸಲು ಈ ಕಥೆ ಹೇಳಬೇಡಿ, ಹೇಳಿದರೆ ಜಗಳವಾಗುತ್ತದೆ, ಆಗಬೇಕಾದ್ದೇ. ಕಡತಕ್ಕೆ ಅದನ್ನು ಬರೆದವರಿಗಿಂತ ದೀರ್ಘ ಆಯುಸ್ಸು ಎಂಬುದಕ್ಕೆ ಮಾತ್ರ ಹೇಳಿ.

ಈ ಗುಂಪಿಗೆ ಇನ್ನೊಂದು ವಾದ ಇದೆ, ನಾಜೂಕಾಗಿ ಬಳಸಬೇಕು. ಫಿಲಿಪ್ ಪೆಟಿಟ್ ಎಂಬ ತತ್ತ್ವಜ್ಞಾನಿ ಹೇಳುವುದು: ಒಡೆಯ ಕರುಣಾಳುವಾಗಿದ್ದು ಒಂದು ದಿನವೂ ಕೈ ಎತ್ತದಿದ್ದರೂ, ಎತ್ತುವ ಅಧಿಕಾರ ಅವನ ಕೈಯಲ್ಲಿರುವವರೆಗೆ ಆಳು ಸ್ವತಂತ್ರನಲ್ಲ. ಕೊಡಗಿನಲ್ಲಿ ಇದು ಪುಸ್ತಕದ ಮಾತಲ್ಲ. ಯರವ ಬುಡಕಟ್ಟಿನವರನ್ನು ಜಮೀನಿನ ಜೊತೆ ಲೆಕ್ಕ ಹಾಕುತ್ತಿದ್ದ ಕಾಲ ಇತ್ತು. ಜೀತ ನಿರ್ಮೂಲನ ಕಾಯ್ದೆ ಬಂದದ್ದು 1976ರಲ್ಲಿ. ‘ನಮ್ಮ ಧಣಿ ಒಳ್ಳೆಯವರಿದ್ದರು’ ಎಂದು ಹೇಳುವ ಮುದುಕರು ಈಗಲೂ ಇದ್ದಾರೆ, ಸುಳ್ಳೂ ಇರಲಿಕ್ಕಿಲ್ಲ. ಆದರೂ ಧಣಿಯ ಮುಖ ನೋಡಿ ಮಾತಾಡಬೇಕಿತ್ತು, ಅವರ ಮನಸ್ಸು ಇಂದು ಹೇಗಿದೆ ಎಂದು ಬೆಳಿಗ್ಗೆ ಎದ್ದು ಅಂದಾಜು ಮಾಡಬೇಕಿತ್ತು. ನನ್ನ ಫೋನು ಯಾವಾಗ ಬೇಕಾದರೂ ಕೇಳಿಸಿಕೊಳ್ಳಬಲ್ಲ, ಯಾರಿಗೂ ಕಾರಣ ಹೇಳಬೇಕಿಲ್ಲದ ಸರ್ಕಾರ ಎಷ್ಟೇ ಒಳ್ಳೆಯದಾದರೂ ನನ್ನ ಸ್ಥಾನ ಅದೇ ಆಗುತ್ತದೆ. ದೊಡ್ಡ ತೋಟದವರ ಜಗುಲಿಯಲ್ಲಿ ಕೂತು ಈ ವಾದ ಹೂಡುವ ಮೊದಲು ಎರಡು ಸಲ ಯೋಚಿಸಿ. ನಾನು ಹೂಡುತ್ತೇನೆ, ನನಗೆ ವಯಸ್ಸಾಗಿದೆ.

ಯಾರ ಬಾಗಿಲು ಮೊದಲು ತಟ್ಟುತ್ತಾರೆ

‘ನಾನೇನು ಕಳ್ಳನಾ’ ಎನ್ನುವ ಧೈರ್ಯ ಸಾಮಾನ್ಯವಾಗಿ ಪೊಲೀಸರು ‘ಸಾರ್’ ಎಂದು ಕರೆಯುವವರಿಗೇ ಇರುತ್ತದೆ. ಉತ್ತರ ಪ್ರದೇಶದ ಖಡಕ್ ಸಿಂಗ್ ಪ್ರಕರಣವನ್ನು ತರಗತಿಯಲ್ಲಿ ತಪ್ಪದೆ ಹೇಳುತ್ತಿದ್ದೆ. 1941ರ ಒಂದು ಡಕಾಯಿತಿ ಪ್ರಕರಣದಲ್ಲಿ ಹಿಡಿದು, ಸಾಕ್ಷ್ಯ ಇಲ್ಲವೆಂದು ಬಿಟ್ಟರು. ಆದರೆ ಪೊಲೀಸರ ಕಡತದಲ್ಲಿ, ಕಣ್ಣಿಡಬೇಕಾದವನೆಂದು ಅವನ ಹೆಸರಿನಲ್ಲಿ ಒಂದು ಹಾಳೆ ತೆರೆದುಕೊಂಡಿತು. ಅಲ್ಲಿಂದ ರಾತ್ರಿ ಹೊತ್ತು ಚೌಕಿದಾರರು ಬರುವುದು, ಬಾಗಿಲು ಬಡಿಯುವುದು, ಕೂಗಿ ಎಬ್ಬಿಸಿ ಇದ್ದಾನೆಯೇ ಎಂದು ನೋಡುವುದು. ಸುಪ್ರೀಂ ಕೋರ್ಟಿನ ಆರು ನ್ಯಾಯಮೂರ್ತಿಗಳ ಪೀಠ 1962ರ ಡಿಸೆಂಬರಿನಲ್ಲಿ ರಾತ್ರಿಯ ಈ ಭೇಟಿಯನ್ನು ರದ್ದು ಮಾಡಿತು, ಆದರೆ ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲ ಎಂದು ಹೇಳಿ ಉಳಿದ ಕಣ್ಗಾವಲನ್ನು ಹಾಗೇ ಬಿಟ್ಟಿತು. ಭಿನ್ನಮತ ಬರೆದ ಸುಬ್ಬರಾವ್ ಅವರು ಇಡೀ ಕಣ್ಗಾವಲೇ ತಪ್ಪು ಎಂದರು. ಅವರ ಮಾತಿಗೆ ಬೆಲೆ ಬರಲು 2017ರ ಆಗಸ್ಟ್ 24 ಆಗಬೇಕಾಯಿತು. ಅಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ತೀರ್ಪಿಗೆ ಹೆಸರು ಕೊಟ್ಟ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದವರು. ಏನು ಮುಚ್ಚಿಡಲು ಹತ್ತಿದರು ಎಂದು ಕೇಳಿ ನೋಡಿ.

ಬ್ರಿಟಿಷರು 1871ರಲ್ಲಿ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿ, ಹಾಜರಿ ಹಾಕಿಸುವ ಕಾಯ್ದೆ ತಂದರು. ಆ ಪಟ್ಟಿ ರದ್ದಾಗಿ ಎಷ್ಟೋ ವರ್ಷಗಳಾದವು, ಅನುಮಾನ ರದ್ದಾಗಿಲ್ಲ. ನಮ್ಮಲ್ಲೇ 2020ರ ಜನವರಿಯಲ್ಲಿ ತೋಟಗಳಲ್ಲಿ ದುಡಿಯುವ ಹೊರರಾಜ್ಯದ ಕಾರ್ಮಿಕರನ್ನು ದಾಖಲೆ ಸಮೇತ ಕರೆಸಿ ಪೊಲೀಸರು ಪರಿಶೀಲಿಸಿದರು. ಕಾಫಿ ಕೊಯ್ಲಿನ ಸಮಯ ಅದು. ಅವರ ಜೊತೆ ಮಾಲೀಕರನ್ನು ಸಾಲಿನಲ್ಲಿ ನಿಲ್ಲಿಸಿ ‘ನೀವು ಇಲ್ಲಿಯವರು ಎನ್ನುವುದಕ್ಕೆ ಏನು ಸಾಕ್ಷಿ?’ ಎಂದು ಕೇಳಿದ್ದರೆ ಅಂದು ಸಂಜೆಯೇ ಖಾಸಗಿತನದ ಮೇಲೆ ಭಾಷಣಗಳಾಗುತ್ತಿದ್ದವು.

ಹೋಂಸ್ಟೇ ನಡೆಸುವವಳಾಗಿ ನಾನೂ ಈ ಯಂತ್ರದ ಒಂದು ಹಲ್ಲು ಎಂಬುದನ್ನು ಮರೆತಿಲ್ಲ. ಬಂದವರ ವಿವರ ಪುಸ್ತಕದಲ್ಲಿ ಬರೆಯಬೇಕು, ವಿದೇಶಿಯರಾದರೆ 24 ಗಂಟೆಯೊಳಗೆ ಅವರ ವಿವರದ ನಮೂನೆ ತುಂಬಿ ಸರ್ಕಾರಕ್ಕೆ ಕಳಿಸಬೇಕು. ಮಾಡುತ್ತೇನೆ. ಆದರೆ ಬುಕ್ ಮಾಡುವಾಗಲೇ ‘ಮಾಸ್ಕ್ ಮಾಡಿದ ಆಧಾರ್ ತನ್ನಿ’ ಎನ್ನುತ್ತೇನೆ: ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ಕಾಣುವ ಪ್ರತಿ, ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತದೆ. ಬೆಂಗಳೂರಿನಿಂದ ಬರುವ ಸಾಫ್ಟ್‌ವೇರ್ ಮಕ್ಕಳಿಗೇ ಇದು ಗೊತ್ತಿರುವುದಿಲ್ಲ. ಆಧಾರ್ ನಕಲನ್ನು ಕಂಡಕಂಡವರಿಗೆ ಕೊಡಬೇಡಿ ಎಂದು 2022ರ ಮೇ ತಿಂಗಳಲ್ಲಿ ಪ್ರಾಧಿಕಾರದ ಬೆಂಗಳೂರು ಕಚೇರಿ ಪ್ರಕಟಣೆ ಕೊಟ್ಟು, ಎರಡೇ ದಿನಕ್ಕೆ ಅದನ್ನು ಹಿಂದಕ್ಕೆ ಪಡೆದದ್ದು ನೆನಪಿರಬಹುದು. ಪ್ರಕಟಣೆ ಹೋಯಿತು, ಸಲಹೆ ಒಳ್ಳೆಯದೇ ಇತ್ತು.

ಹಾಡು ನಿಂತ ಕಾಡು

ಯಾರೂ ಬಂಧಿಸದಿದ್ದರೂ, ಯಾರೂ ಗದರಿಸದಿದ್ದರೂ, ನೋಡುತ್ತಿದ್ದಾರೆ ಎಂಬ ಅರಿವಿನಿಂದಲೇ ಏನು ಆಗುತ್ತದೆ? ಬೆಂಥಾಮ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ 18ನೇ ಶತಮಾನದ ಕೊನೆಯಲ್ಲಿ ಇದನ್ನೇ ನೆಚ್ಚಿಕೊಂಡು ದುಂಡನೆಯ ಜೈಲಿನ ನಕ್ಷೆ ಬರೆದ: ನಡುವೆ ಗೋಪುರ, ಸುತ್ತ ಕೋಣೆಗಳು, ಗೋಪುರದಲ್ಲಿ ಕಾವಲುಗಾರ ಇದ್ದಾನೋ ಇಲ್ಲವೋ ಕೈದಿಗೆ ಗೊತ್ತಾಗದು, ಆದ್ದರಿಂದ ಕೈದಿ ತನ್ನನ್ನು ತಾನೇ ಕಾಯುತ್ತಾನೆ. ಇದನ್ನು ಸ್ಪರ್ಧೆಯಲ್ಲಿ ಹೇಳಿದರೆ ಅಂಕ ಸಿಗುತ್ತದೆ. ಊರಲ್ಲಿ ಹೇಳಿದರೆ ಆಕಳಿಸುತ್ತಾರೆ. ಊರಲ್ಲಿ ಕಾರ್ಬೆಟ್ ಕಾಡಿನ ಹೆಂಗಸರ ವಿಷಯ ಹೇಳಿ.

ಉತ್ತರಾಖಂಡದ ಕಾರ್ಬೆಟ್ ಹುಲಿ ರಕ್ಷಿತಾರಣ್ಯದ ಅಂಚಿನ ಹಳ್ಳಿಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಪ್ರಾಣಿಗಳಿಗೆಂದು ಕಟ್ಟಿದ ಕ್ಯಾಮೆರಾ, ಮೇಲೆ ಹಾರುವ ಡ್ರೋನ್ ಅಲ್ಲಿಯ ಹೆಂಗಸರನ್ನೂ ಹಿಡಿಯುತ್ತಿದ್ದವು. ಸೌದೆಗೆ, ಹುಲ್ಲಿಗೆ ಕಾಡಿಗೆ ಹೋಗುವ ಹೆಂಗಸರಿಗೆ ಅದು ಅತ್ತೆ ಮಾವಂದಿರ ಕಣ್ಣಿಲ್ಲದ ಏಕೈಕ ಜಾಗ. ಹರಟೆ, ನಗು, ಮನೆಯಲ್ಲಿ ಆಡಲಾಗದ ಮಾತು ಎಲ್ಲ ಅಲ್ಲೇ. ಜೋರಾಗಿ ಹಾಡುತ್ತಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು, ಹುಲಿ ಆನೆಗಳು ಹತ್ತಿರ ಬರಬಾರದು ಎಂದು. ಕ್ಯಾಮೆರಾ ಬಂದ ಮೇಲೆ ದನಿ ತಗ್ಗಿತು, ಕ್ಯಾಮೆರಾ ಇಲ್ಲದ ಅಪರಿಚಿತ ದಾರಿಗಳನ್ನು ಹಿಡಿದರು. ಬಯಲಿಗೆ ಕೂತಿದ್ದ ಒಬ್ಬಾಕೆಯ ಚಿತ್ರ ಊರವರ ಮೊಬೈಲಿಗೆ ಹರಿದಾಡಿ, ಜನ ಕ್ಯಾಮೆರಾಗಳನ್ನು ಒಡೆದರು.

ನಾಗರಹೊಳೆಯ ಅಂಚಿನಲ್ಲಿ ಜೇನುಕುರುಬರ ಹಾಡಿಯಲ್ಲಿ ಇದನ್ನು ಹೇಳಿ ನೋಡಿ, ಮುಂದಿನ ವಾಕ್ಯ ನಿಮಗೆ ಬೇಕಾಗುವುದಿಲ್ಲ. ಪೇಟೆಯ ಹೆಂಗಸರಿಗೂ ತಟ್ಟುತ್ತದೆ. ಯಾರ ಕಣ್ಣೂ ಇಲ್ಲದ ಅರ್ಧ ಗಂಟೆಯ ಬೆಲೆ ಅವರಿಗೆ ಗಂಡಸರಿಗಿಂತ ಚೆನ್ನಾಗಿ ಗೊತ್ತು. ಜೇಮ್ಸ್ ರೇಚಲ್ಸ್ ಎಂಬ ಅಮೆರಿಕದ ತತ್ತ್ವಜ್ಞಾನಿ 1975ರಲ್ಲಿ ಬರೆದದ್ದೂ ಇದರ ಹತ್ತಿರದ ಮಾತು: ಯಾರಿಗೆ ಎಷ್ಟು ಹೇಳಬೇಕು ಎಂಬುದು ನಮ್ಮ ಕೈಯಲ್ಲಿದ್ದರೆ ಮಾತ್ರ ಡಾಕ್ಟರ ಹತ್ತಿರ ಒಂದು ರೀತಿ, ಗೆಳತಿಯ ಹತ್ತಿರ ಒಂದು ರೀತಿ, ಮಗನ ಹತ್ತಿರ ಇನ್ನೊಂದು ರೀತಿ ಇರಲು ಸಾಧ್ಯ.

ಹುಡುಗರ ತಕರಾರು ಬೇರೆ. ‘ಮೇಡಂ, ಗೂಗಲ್‌ಗೆ ಎಲ್ಲ ಗೊತ್ತಿದೆ, ಇನ್ನು ಸರ್ಕಾರಕ್ಕೆ ಗೊತ್ತಾದ್ರೆ ಏನು?’ ಗೂಗಲ್ ನಿನ್ನ ಮೇಲೆ ಎಫ್‌ಐಆರ್ ಹಾಕುವುದಿಲ್ಲ, ಪಾಸ್‌ಪೋರ್ಟ್ ತಡೆಹಿಡಿಯುವುದಿಲ್ಲ, ಅಜ್ಜಿಯ ಪಿಂಚಣಿ ನಿಲ್ಲಿಸುವುದಿಲ್ಲ ಎನ್ನಿ. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಂಪನಿಗಳ ಮೇಲೆ ಹೊರಿಸಿದ ಹೊಣೆಯಿಂದ ಸರ್ಕಾರದ ಯಾವ ಸಂಸ್ಥೆಯನ್ನಾದರೂ ಭದ್ರತೆಯ, ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ಬಿಡುಗಡೆ ಮಾಡಲು ಕೇಂದ್ರಕ್ಕೆ ಅಧಿಕಾರ ಕೊಟ್ಟಿದೆ ಎಂಬುದನ್ನೂ ಸೇರಿಸಿ. ಅಷ್ಟು ಸಾಕು.

ಒಪ್ಪಬೇಕಾದಲ್ಲಿ ಒಪ್ಪಿ

ಎಲ್ಲ ಕಣ್ಣೂ ಕೆಟ್ಟದ್ದು ಎಂದು ಹಟ ಹಿಡಿದರೆ ನಿಮ್ಮನ್ನು ಯಾರೂ ನಂಬುವುದಿಲ್ಲ. ಆನೆಗೆ ರೇಡಿಯೋ ಕಾಲರ್ ಹಾಕಿ, ಅದು ಯಾವ ತೋಟದಲ್ಲಿದೆ ಎಂದು ಅರಣ್ಯ ಇಲಾಖೆ ತಿಳಿಸಿದರೆ ಬೆಳಗಿನ ಹೊತ್ತು ಶಾಲೆಗೆ ಹೋಗುವ ಮಕ್ಕಳು ಉಳಿಯುತ್ತಾರೆ. ಕೂಡುರಸ್ತೆಯ ಕ್ಯಾಮೆರಾದಿಂದ ಕಾಫಿ ಚೀಲ ಕದ್ದ ವ್ಯಾನು ಸಿಗುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಾವೆಲ್ಲ ಎಲ್ಲಿದ್ದೇವೆ ಎಂದು ಕೂಗಿ ಹೇಳಿದವರೇ, ಆಗ ಯಾರೂ ಖಾಸಗಿತನದ ಮಾತಾಡಲಿಲ್ಲ. ಇವನ್ನೆಲ್ಲ ಅವರು ಹೇಳುವ ಮುಂಚೆ ನೀವೇ ಹೇಳಿಬಿಡಿ. ನ್ಯಾಯಾಲಯಗಳೂ ಅರ್ಧಕ್ಕರ್ಧ ಒಪ್ಪಿವೆ. 2018ರ ಸೆಪ್ಟೆಂಬರಿನ ಆಧಾರ್ ತೀರ್ಪು ಪಡಿತರಕ್ಕೆ, ಪ್ಯಾನ್ ಕಾರ್ಡಿಗೆ ಆಧಾರ್ ಸರಿ ಎಂದಿತು, ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್ಮಿಗೆ ಕಡ್ಡಾಯ ಮಾಡುವುದು ಸರಿಯಲ್ಲ ಎಂದಿತು. ಐವರಲ್ಲಿ ಒಬ್ಬರು ಇಡೀ ಕಾಯ್ದೆಯೇ ತಪ್ಪು ಎಂದು ಬರೆದರು. ನನ್ನ ಮತ ಆ ಒಬ್ಬರ ಕಡೆಗೆ, ಆದರೆ ಉಳಿದ ನಾಲ್ವರನ್ನು ಮೂರ್ಖರೆಂದು ನಾನು ಹೇಳಲಾರೆ.

ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಅಳೆಯಲು ಪುಟ್ಟಸ್ವಾಮಿ ತೀರ್ಪಿನಲ್ಲೇ ಅಳತೆಗೋಲಿದೆ. ಇದಕ್ಕೆ ಕಾನೂನು ಇದೆಯೇ? ಉದ್ದೇಶ ನ್ಯಾಯವಾದದ್ದೇ? ಇದಕ್ಕಿಂತ ಕಡಿಮೆ ಇಣುಕಿ ಅದೇ ಕೆಲಸ ಆಗುವುದಿಲ್ಲವೇ? ದುರುಪಯೋಗವಾದರೆ ತಡೆಯುವವರು ಯಾರು? ಆನೆಯ ಕಾಲರ್ ಈ ನಾಲ್ಕನ್ನೂ ಸಲೀಸಾಗಿ ದಾಟುತ್ತದೆ. ಲೈನ್ ಮನೆಗಳ ಎದುರಿಗೆ ತಿರುಗಿಸಿಟ್ಟ ಕ್ಯಾಮೆರಾ ಮೂರನೆಯದರಲ್ಲೇ ಮುಗ್ಗರಿಸುತ್ತದೆ. ಕೆಲಸದ ಹೊತ್ತಿನಲ್ಲಿ ಕೂಲಿಯವರ ಮೇಲ್ವಿಚಾರಣೆಯ ರೈಟರ್ ನೋಡಲಿ, ಅದು ಅವರ ಕೆಲಸ. ಸಂಜೆ ಆರರ ಮೇಲೆ ಆ ಅಂಗಳಕ್ಕೆ ಯಾರು ಬಂದರು ಹೋದರು ಎಂಬುದು ಯಾರ ಕೆಲಸ?

ಮಾತು ಮದುವೆ ಮನೆಯಿಂದ ಗ್ರಾಮಸಭೆಗೆ ಬಂದಾಗ ಈ ನಾಲ್ಕು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ. ಪಂಚಾಯಿತಿಯವರು ‘ಊರಿನ ಸುರಕ್ಷತೆಗೆ ಕ್ಯಾಮೆರಾ’ ಎಂಬ ವಿಷಯ ಎತ್ತಿದರೆ ತತ್ತ್ವಶಾಸ್ತ್ರ ಬೇಡ, ವಿರೋಧವೂ ಬೇಡ. ಎಲ್ಲಿಗೆ ತಿರುಗಿಸಿ ಹಾಕುತ್ತೀರಿ, ಎಷ್ಟು ದಿನ ಚಿತ್ರ ಇಟ್ಟುಕೊಂಡು ಅಳಿಸುತ್ತೀರಿ, ಪಾಸ್‌ವರ್ಡ್ ಯಾರ ಹತ್ತಿರ, ನೋಡಿದವರ ಹೆಸರು ಬರೆಯುವ ಪುಸ್ತಕ ಇದೆಯೇ ಎಂದು ಮೆಲ್ಲಗೆ ಕೇಳಿ. ಉತ್ತರ ಇಲ್ಲದಿದ್ದರೆ ‘ಮುಂದಿನ ಸಭೆಗೆ ಉತ್ತರ ಕೊಡಲಾಗುವುದು’ ಎಂದು ನಡಾವಳಿಯಲ್ಲಿ ಬರೆಸಿ. ಮಹಿಳಾ ಸಂಘದವರಲ್ಲಿ ಇಬ್ಬರನ್ನು ಮೊದಲೇ ಮಾತಾಡಿಸಿ ಪಕ್ಕದಲ್ಲಿ ಕೂರಿಸಿಕೊಳ್ಳಿ, ಒಬ್ಬಳೇ ಎದ್ದು ನಿಂತರೆ ಆ ಕುಂಬಳಕಾಯಿ ಗಾದೆ ಬಂದೇ ಬರುತ್ತದೆ. ಸಭೆ ಮುಗಿದ ತಕ್ಷಣ ಕಾಫಿಗೆ ಎದ್ದು ಹೋಗಬೇಡಿ. ನಡಾವಳಿ ಪುಸ್ತಕಕ್ಕೆ ಅಧ್ಯಕ್ಷರ ಸಹಿ ಬೀಳುವ ಮೊದಲು ಆ ಸಾಲನ್ನು ಗಟ್ಟಿಯಾಗಿ ಓದಿಸಿ ಕೇಳಿ.